ಯುಕೆ ಮೊದಲೋ ಕೊನೆಯೋ: ಬ್ರಿಟನ್ನಿನ ತಲೆಕೆಳಗಾದ ಇಮೇಲ್ ವಿಳಾಸಗಳ ಪ್ರಕರಣ

ಯುಕೆ.ಎಸಿ.ಯುಸಿಎಲ್.ಸಿಎಸ್

1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ (ಯುಸಿಎಲ್) ಕಂಪ್ಯೂಟರ್ ಸೈನ್ಸ್ ವಿಭಾಗದ ವಿಳಾಸವನ್ನು ಬ್ರಿಟನ್ನಿನ ಒಳಗೆ ಹೀಗೆ ಬರೆಯುತ್ತಿದ್ದರು. ಅದೇ ವಿಳಾಸವನ್ನು ಅಮೆರಿಕದವರಿಗೆ ಕೊಡುವಾಗ ಸಿಎಸ್.ಯುಸಿಎಲ್.ಎಸಿ.ಯುಕೆ ಎಂದು ಬರೆಯಬೇಕಿತ್ತು. ಅವೇ ನಾಲ್ಕು ತುಂಡು. ದೇಶ, ವಿದ್ಯಾಸಂಸ್ಥೆ ಎಂಬ ಗುರುತು, ಕಾಲೇಜು, ವಿಭಾಗ. ಕ್ರಮ ಮಾತ್ರ ತಲೆಕೆಳಗು.

ಈ ಎರಡು ಕ್ರಮಗಳು ಸುಮಾರು ಹತ್ತು ವರ್ಷ ಒಟ್ಟಿಗೆ ಬದುಕಿದವು. ಆ ಹತ್ತು ವರ್ಷದಲ್ಲಿ ಏನಾಯಿತು ಅನ್ನುವುದೇ ಈ ಪ್ರಕರಣ.

ಹಾಗೆ ನೋಡಿದರೆ ನಮಗೆ ಈ ಎರಡೂ ಕ್ರಮ ಹೊಸದಲ್ಲ. ಕಾಗದದ ಮೇಲೆ ವಿಳಾಸ ಬರೆಯುವಾಗ ಮೊದಲು ಹೆಸರು, ಆಮೇಲೆ ಮನೆ, ಬೀದಿ, ಊರು, ಅಂಚೆ, ತಾಲ್ಲೂಕು, ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಆದರೆ ನಮ್ಮ ಹೆಸರನ್ನೇ ನೋಡಿ. ಎಷ್ಟೋ ಮನೆಗಳಲ್ಲಿ ಊರು ಮೊದಲು, ಅಪ್ಪನ ಹೆಸರು ಆಮೇಲೆ, ನಮ್ಮದು ಕೊನೆಗೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅಂದಾಗ ಊರು ಮುಂದೆ, ಮನುಷ್ಯ ಹಿಂದೆ. ಲ್ಯಾಂಡ್‌ಲೈನ್ ನಂಬರೂ ಹಾಗೇ: ದೇಶಕ್ಕೆ 91, ಬೆಂಗಳೂರಿಗೆ 80, ಆಮೇಲೆ ಮನೆಯದು. ಒಂದೇ ದಿನದಲ್ಲಿ ಎರಡೂ ಕ್ರಮ ಬಳಸುತ್ತೇವೆ, ಗೊಂದಲ ಆಗುವುದಿಲ್ಲ. ಇದು ಹೆಸರು, ಇದು ವಿಳಾಸ, ಇದು ನಂಬರು ಅಂತ ಕಂಡ ಕೂಡಲೇ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಚುಕ್ಕೆಗಳ ನಡುವಿನ ಅಕ್ಷರಗಳು ಮಾತ್ರ.

ಈ ಕಥೆಯನ್ನು "ಬ್ರಿಟಿಷರು ಉಲ್ಟಾ ಬರೆದರು, ಆಮೇಲೆ ತಿದ್ದಿಕೊಂಡರು" ಎಂದು ಒಂದೇ ಸಾಲಿನಲ್ಲಿ ಮುಗಿಸುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಅವರ ಕ್ರಮದಲ್ಲಿ ತಪ್ಪಿರಲಿಲ್ಲ. ಎರಡು ಕ್ರಮಗಳ ನಡುವೆ ನಿಂತು, ಜನರಿಗೆ ಸಹಾಯ ಮಾಡಲು ಹೋಗಿ, ಊಹೆ ಮಾಡಿದ ಪ್ರೋಗ್ರಾಂಗಳಿಂದ ತೊಂದರೆ ಬಂತು. ಆ ಊಹೆ ಯಾಕೆ ಬೇಕಾಯಿತು, ಎಲ್ಲಿಯವರೆಗೆ ನಡೆಯಿತು, ಎಲ್ಲಿ ಕೈಕೊಟ್ಟಿತು ಅನ್ನುವುದನ್ನು ನೋಡೋಣ.

ಎರಡು ದಾರಿ ಹುಟ್ಟಿದ್ದು

ಅಮೆರಿಕದ ಕಡೆ ಇದು ಶುರುವಾಗುವುದು 1971ರಲ್ಲಿ. ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವ ಪ್ರೋಗ್ರಾಂ ಬರೆದರು. ಮನುಷ್ಯನ ಹೆಸರು ಮತ್ತು ಕಂಪ್ಯೂಟರಿನ ಹೆಸರಿನ ನಡುವೆ @ ಗುರುತು ಇಟ್ಟರು. ಎಡಕ್ಕೆ ಮನುಷ್ಯ, ಬಲಕ್ಕೆ ಯಂತ್ರ. ಆಗ ಇಂಟರ್ನೆಟ್‌ಗೂ ಮೊದಲಿನ ಅಮೆರಿಕದ ಜಾಲವಾದ ಆರ್ಪಾನೆಟ್‌ನಲ್ಲಿ ಇದ್ದ ಯಂತ್ರಗಳು ಕೆಲವೇ ಡಜನ್. ಎಲ್ಲ ಯಂತ್ರಗಳ ಹೆಸರೂ ಒಂದೇ ಪಟ್ಟಿಯಲ್ಲಿ ಹಿಡಿಸುತ್ತಿತ್ತು. ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಆ ಕಡತವನ್ನು ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕೆಂದರೆ ಅವರಿಗೆ ತಿಳಿಸಬೇಕು. ಮಿಕ್ಕವರು ಆ ಕಡತವನ್ನು ಆಗಾಗ ಇಳಿಸಿಕೊಳ್ಳಬೇಕು.

ಪಟ್ಟಿ ಬೆಳೆಯುತ್ತಾ ಹೋದಾಗ ಇದು ನಡೆಯದು ಎಂದು ಎಲ್ಲರಿಗೂ ಗೊತ್ತಾಯಿತು. 1982ರ ಆರಂಭದಲ್ಲಿ ಇಮೇಲ್ ವಿಳಾಸದ ಬಗ್ಗೆಯೇ ಒಂದು ಸಭೆ ನಡೆಯಿತು. ಈಗಾಗಲೇ ಬಳಕೆಯಲ್ಲಿದ್ದ "ಮನುಷ್ಯ@ಯಂತ್ರ" ಎಂಬುದರ ಬಾಲಕ್ಕೆ ಒಂದು ಚುಕ್ಕೆ ಇಟ್ಟು, ಅದರ ಮುಂದೆ ಡೊಮೇನ್ ಹೆಸರು, ಅಂದರೆ ಆ ಯಂತ್ರ ಸೇರಿದ ದೊಡ್ಡ ಗುಂಪಿನ ಹೆಸರು, ಸೇರಿಸುವುದು ಎಂದು ತೀರ್ಮಾನವಾಯಿತು. 1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಆರ್‌ಎಫ್‌ಸಿ 882 ಮತ್ತು 883 ಎಂಬ ಜಾಲದ ತಾಂತ್ರಿಕ ದಾಖಲೆಗಳನ್ನು ಬರೆದು ಈಗಿನ ಡೊಮೇನ್ ವ್ಯವಸ್ಥೆಗೆ, ಅಂದರೆ ಡಿಎನ್‌ಎಸ್‌ಗೆ, ಬುನಾದಿ ಹಾಕಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಅನ್ನುವ ಕ್ರಮ ಇದ್ದದ್ದನ್ನು ಮುರಿಯದೆ ಮುಂದುವರಿಸಿದ್ದರಿಂದ ಬಂತು. @ನ ಎಡಕ್ಕೆ ಮನುಷ್ಯ ಮೊದಲೇ ಕೂತಿದ್ದ. ಬಲಕ್ಕೆ ಯಂತ್ರ. ಅದರಾಚೆಗೆ ಸೇರಿಸಿದ್ದೆಲ್ಲ ಅದಕ್ಕಿಂತ ದೊಡ್ಡದು. ಹಳೆ ಮನೆಗೆ ಹಿಂದುಗಡೆ ಕೋಣೆ ಎಳೆದ ಹಾಗೆ.

ಬ್ರಿಟನ್ನಿನ ಮನೆ ಬೇರೆ ಥರ ಕಟ್ಟಿದ್ದು. ಅವರಿಗೆ ಆರ್ಪಾನೆಟ್ ಗೊತ್ತಿರಲಿಲ್ಲ ಎಂದೇನಲ್ಲ. ಪೀಟರ್ ಕರ್ಸ್ಟೀನ್ 1973ರಲ್ಲೇ ಯುಸಿಎಲ್ ಅನ್ನು ಅದಕ್ಕೆ ಸೇರಿಸಿದ್ದರು. 1976ರ ಮಾರ್ಚ್ 26ರಂದು ರಾಣಿ ಎರಡನೇ ಎಲಿಜಬೆತ್ ಮಾಲ್ವರ್ನ್ ಎಂಬ ಊರಿನ ಸಂಶೋಧನಾ ಕೇಂದ್ರದಿಂದ ಇಮೇಲ್ ಕಳಿಸಿದ್ದೂ ಈ ಸಂಪರ್ಕದ ಮೂಲಕವೇ. ಅವರಿಗೆ ಕೊಟ್ಟ ಬಳಕೆದಾರ ಹೆಸರು ಎಚ್‌ಎಂಇ2. ಡೊಮೇನು, ಚುಕ್ಕೆ ಇವೆಲ್ಲ ಆಗ ಇನ್ನೂ ಹುಟ್ಟಿರಲಿಲ್ಲ.

ಆದರೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳನ್ನೆಲ್ಲ ಸೇರಿಸಿ 1984ರಲ್ಲಿ ಶುರುವಾದ ಜ್ಯಾನೆಟ್ ಜಾಲ ಆರ್ಪಾನೆಟ್‌ನ ಮಾದರಿಯದಲ್ಲ. ಅದು ಟೆಲಿಫೋನ್ ಇಲಾಖೆಗಳ ಲೋಕದಿಂದ ಬಂದ ಎಕ್ಸ್.25 ಎಂಬ ಪದ್ಧತಿಯ ಮೇಲೆ ನಿಂತಿತ್ತು. ಅದರ ನಿಯಮಗಳನ್ನು ಬೇರೆ ಬೇರೆ ಬಣ್ಣದ ರಟ್ಟಿನ ಪುಸ್ತಕಗಳಲ್ಲಿ ಅಚ್ಚು ಹಾಕಿದ್ದರು. ಕಡತ ಸಾಗಿಸಲು ನೀಲಿ ಪುಸ್ತಕ. ಇಮೇಲ್‌ಗೆ ಬೂದು ಪುಸ್ತಕ. ಯಂತ್ರಗಳಿಗೆ ಹೆಸರಿಡಲು ನೇಮ್ ರಿಜಿಸ್ಟ್ರೇಶನ್ ಸ್ಕೀಮ್, ಅಂದರೆ ಎನ್‌ಆರ್‌ಎಸ್, ಎಂಬ ಕೇಂದ್ರ ದಾಖಲೆ ಇತ್ತು. ಅದರಲ್ಲಿ ದೊಡ್ಡದು ಮೊದಲು. ಯುಕೆ, ಎಸಿ, ಕಾಲೇಜು, ಯಂತ್ರ. ಟೆಲಿಫೋನ್ ನಂಬರಿನ ಹಾಗೆ. ಕಂಪ್ಯೂಟರಿನಲ್ಲಿ ಫೋಲ್ಡರು, ಅದರೊಳಗೆ ಫೋಲ್ಡರು, ಅದರೊಳಗೆ ಕಡತ ಎಂದು ಬರೆಯುವ ಹಾಗೆ. ಕಂಪ್ಯೂಟರಿನವರ ಕೈಗೆ ಬರೆಯಲು ಒಗ್ಗಿದ ಕ್ರಮ ಅದೇ ಆಗಿತ್ತು. ಡಿಎನ್‌ಎಸ್ ಜಗತ್ತಿನಲ್ಲಿ ಬೇರೂರುವ ಮೊದಲೇ ಅವರು ಇದನ್ನು ಆರಿಸಿಕೊಂಡಿದ್ದರು.

ಯುಕೆ ಎಂಬ ಎರಡಕ್ಷರವೂ ಆ ಕಾಲದ್ದೇ ಗುರುತು. ದೇಶಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒದ ಪಟ್ಟಿಯ ಎರಡಕ್ಷರದ ಸಂಕೇತ ಬಳಸಬೇಕು ಎಂದು ಡೊಮೇನ್ ವ್ಯವಸ್ಥೆಯವರು 1984ರಲ್ಲಿ ಹೇಳಿದರು. ಆ ಪಟ್ಟಿಯಲ್ಲಿ ಬ್ರಿಟನ್ ಅಂದರೆ ಜಿಬಿ. ಅಷ್ಟರಲ್ಲಿ ಬ್ರಿಟನ್ನಿನವರಿಗೆ ಯುಕೆ ಒಗ್ಗಿಹೋಗಿತ್ತು. 1985ರ ಜುಲೈಯಲ್ಲಿ ಅದನ್ನೇ ನೋಂದಾಯಿಸಿದರು.

ಬ್ರಿಟಿಷ್ ಕ್ರಮದಲ್ಲಿ ನನಗೆ ನಿಜವಾಗಿ ಸರಿಬಾರದ ಜಾಗ ಒಂದೇ. @ನ ಎಡಕ್ಕೆ ಮನುಷ್ಯನನ್ನು ಅವರೂ ಹಾಗೇ ಬಿಟ್ಟರು. ಹಾಗಾಗಿ ಪೂರ್ತಿ ವಿಳಾಸ ಓದಿದರೆ ಮೊದಲು ಮನುಷ್ಯ, ಥಟ್ಟನೆ ದೇಶ, ಆಮೇಲೆ ಮೆಟ್ಟಿಲಿಳಿದು ವಿಭಾಗ. "ರಾಜು, ಕರ್ನಾಟಕ, ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಎರಡನೇ ಮನೆ" ಎಂದು ಲಕೋಟೆ ಮೇಲೆ ಬರೆದ ಹಾಗೆ. ಪೋಸ್ಟ್‌ಮ್ಯಾನ್ ಓದಿಕೊಂಡಾನು, ಆದರೆ ಒಂದು ಕ್ಷಣ ತಡೆಯುತ್ತಾನೆ ಅಲ್ವಾ?

ಗಡಿ ದಾಟುವ ಪತ್ರ

ಜ್ಯಾನೆಟ್ ಒಳಗೆ ಎಲ್ಲ ಸಲೀಸಾಗಿತ್ತು. ಎಷ್ಟು ಸಲೀಸೆಂದರೆ ಮುಂದಿನ ಯುಕೆ.ಎಸಿ ಬರೆಯುವ ಕಷ್ಟವನ್ನೂ ಜನ ತೆಗೆದುಕೊಳ್ಳುತ್ತಿರಲಿಲ್ಲ. ಕೇಂಬ್ರಿಡ್ಜಿನಲ್ಲಿ ಫೀನಿಕ್ಸ್ ಎಂಬ ದೊಡ್ಡ ಯಂತ್ರ ಇತ್ತು. ಅದರ ಪೂರ್ತಿ ಹೆಸರು ಯುಕೆ.ಎಸಿ.ಕ್ಯಾಮ್.ಪಿಎಚ್‌ಎಕ್ಸ್. ಜನ ಕ್ಯಾಮ್.ಪಿಎಚ್‌ಎಕ್ಸ್ ಎಂದಷ್ಟೇ ಬರೆಯುತ್ತಿದ್ದರು. ಮಿಕ್ಕದ್ದನ್ನು ಪ್ರೋಗ್ರಾಂ ತುಂಬಿಕೊಳ್ಳುತ್ತಿತ್ತು. ಈ ಚಿಕ್ಕ ಅನುಕೂಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಷ್ಟ ಇದ್ದದ್ದು ಗಡಿಯಲ್ಲಿ. ಅಮೆರಿಕದ ಯಂತ್ರಗಳಿಗೆ ಕೇಂಬ್ರಿಡ್ಜಿನ ಯಂತ್ರ ನೇರವಾಗಿ ಕಾಣುತ್ತಿರಲಿಲ್ಲ. ಯುಸಿಎಲ್‌ನ ಗೇಟ್‌ವೇ, ಅಂದರೆ ಎರಡು ಜಾಲಗಳ ನಡುವೆ ಬಾಗಿಲಿನಂತಿದ್ದ ಯಂತ್ರ, ಮಾತ್ರ ಕಾಣುತ್ತಿತ್ತು. ಆಗ ಅಮೆರಿಕದಿಂದ ಬರೆಯುವವರು ವಿಳಾಸವನ್ನು ಹೀಗೆ ಕಟ್ಟುತ್ತಿದ್ದರು:

ರಾಜು%ಯುಕೆ.ಎಸಿ.ಕ್ಯಾಮ್.ಪಿಎಚ್‌ಎಕ್ಸ್@ಯುಸಿಎಲ್-ಸಿಎಸ್.ಆರ್ಪಾ

ಇದನ್ನು ಹತ್ತಿರದಿಂದ ನೋಡಿ. ಅಮೆರಿಕದ ಯಂತ್ರ @ನ ಬಲಗಡೆ ಮಾತ್ರ ನೋಡುತ್ತದೆ. ಯುಸಿಎಲ್-ಸಿಎಸ್ ಗೊತ್ತು, ಅಲ್ಲಿಗೆ ಪತ್ರ ತಳ್ಳುತ್ತದೆ. ಎಡಗಡೆ ಏನಿದೆ ಎಂಬ ಚಿಂತೆ ಅದಕ್ಕಿಲ್ಲ. ಯುಸಿಎಲ್ ಯಂತ್ರ ತನ್ನ ಹೆಸರನ್ನು ಕಿತ್ತುಹಾಕಿ, % ಗುರುತನ್ನು @ ಮಾಡುತ್ತದೆ. ಈಗ ಉಳಿದದ್ದು ರಾಜು@ಯುಕೆ.ಎಸಿ.ಕ್ಯಾಮ್.ಪಿಎಚ್‌ಎಕ್ಸ್, ಜ್ಯಾನೆಟ್‌ಗೆ ಅರ್ಥವಾಗುವ ವಿಳಾಸ. ಒಂದು ಲಕೋಟೆಯೊಳಗೆ ಇನ್ನೊಂದು ಲಕೋಟೆ ಇಟ್ಟು, ಮೇಲೆ ಪರಿಚಯದವರ ವಿಳಾಸ ಬರೆದ ಹಾಗೆ.

ಇಷ್ಟಕ್ಕೆ ಮುಗಿಯಲಿಲ್ಲ. ಆ ಕಾಲದಲ್ಲಿ ಜಾಲ ಒಂದೇ ಇರಲಿಲ್ಲ. ಬಿಟ್‌ನೆಟ್ ಕಡೆಯಿಂದ ಬಂದವರು ರುದರ್‌ಫರ್ಡ್ ಪ್ರಯೋಗಾಲಯದ ಗೇಟ್‌ವೇ ಹೆಸರು ಹಾಕಬೇಕು. ಯುಯುಸಿಪಿ ಜಾಲದವರು ದಾರಿಯಲ್ಲಿ ಸಿಗುವ ಒಂದೊಂದು ಯಂತ್ರದ ಹೆಸರನ್ನೂ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸಾಲಾಗಿ ಬರೆಯಬೇಕು. ಆಮ್‌ಸ್ಟರ್‌ಡ್ಯಾಮಿನ ಎಂಸಿವ್ಯಾಕ್ಸ್, ಅಲ್ಲಿಂದ ಕೆಂಟ್ ವಿಶ್ವವಿದ್ಯಾಲಯದ ಯುಕೆಸಿ, ಹೀಗೆ. ಆಗಿನ ಪ್ರಾಧ್ಯಾಪಕರ ಪತ್ರಗಳ ಕೊನೆಯಲ್ಲಿ ಸಹಿಯ ಕೆಳಗೆ ಮೂರು ನಾಲ್ಕು ಸಾಲು ವಿಳಾಸ ಇರುತ್ತಿತ್ತು. ಜ್ಯಾನೆಟ್‌ನವರಿಗೆ ಒಂದು, ಆರ್ಪಾದವರಿಗೆ ಒಂದು, ಬಿಟ್‌ನೆಟ್‌ಗೆ, ಯುಯುಸಿಪಿಗೆ ಇನ್ನೊಂದು. ಮನುಷ್ಯ ಒಬ್ಬನೇ. ಓದುವವನು ಎಲ್ಲಿದ್ದಾನೆ ಎಂಬುದರ ಮೇಲೆ ಅವನ ವಿಳಾಸ ಬದಲಾಗುತ್ತಿತ್ತು.

ಸಹಿಯ ಆ ಸಾಲುಗಳು ಈ ಪ್ರಕರಣದಲ್ಲಿ ಬಹಳ ಮುಖ್ಯ ಅನ್ನುವುದು ನನ್ನ ಅನಿಸಿಕೆ. ಗೇಟ್‌ವೇ ಪತ್ರದ ತಲೆಬರಹವನ್ನು ತಿದ್ದುತ್ತದೆ. ಕಳಿಸಿದವರು, ಪಡೆಯುವವರು, ಪ್ರತಿ ಯಾರಿಗೆ ಅನ್ನುವ ಸಾಲುಗಳಲ್ಲಿ ಕ್ರಮ ತಿರುಗಿಸುತ್ತದೆ. ಪತ್ರದ ಒಳಗಿನ ಮಾತನ್ನು ಅದು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹಾಗಾಗಿ ಬ್ರಿಟನ್ನಿನ ಒಬ್ಬರು "ನನ್ನ ಸ್ನೇಹಿತರ ವಿಳಾಸ ಇದು" ಎಂದು ಪತ್ರದೊಳಗೆ ಬರೆದರೆ ಅದು ಬ್ರಿಟಿಷ್ ಕ್ರಮದಲ್ಲೇ ಅಮೆರಿಕ ತಲುಪುತ್ತಿತ್ತು. ವಿಸಿಟಿಂಗ್ ಕಾರ್ಡು, ಪ್ರಬಂಧದ ಮೊದಲ ಪುಟ, ಕಪ್ಪು ಹಲಗೆ, ಎಲ್ಲದರಿಂದಲೂ ವಿಳಾಸ ಕಾಗದಕ್ಕಿಳಿದು ಗಡಿ ದಾಟುತ್ತಿತ್ತು. ಆ ದಾರಿಗಳಲ್ಲಿ ಯಾವ ಗೇಟ್‌ವೇಯೂ ಇಲ್ಲ.

ಊಹೆ ಹೇಗೆ ನಡೆಯುತ್ತಿತ್ತು

ಹೀಗೆ ತಪ್ಪು ಕ್ರಮದ ವಿಳಾಸಗಳು ಎರಡೂ ಕಡೆಯಿಂದ ಬರತೊಡಗಿದವು. ಇಮೇಲ್ ನೋಡಿಕೊಳ್ಳುತ್ತಿದ್ದ ಎಂಜಿನಿಯರುಗಳ ಮುಂದೆ ಎರಡು ದಾರಿ ಇದ್ದವು. ಪತ್ರ ವಾಪಸ್ ಕಳಿಸಿ "ಸರಿಯಾಗಿ ಬರೆಯಿರಿ" ಅನ್ನಬಹುದು. ಇಲ್ಲವೇ ತಿರುಗಿಸಿ ನೋಡಿ, ಸರಿ ಕಂಡರೆ ಮುಂದೆ ಕಳಿಸಬಹುದು. ಬಹಳಷ್ಟು ಕಡೆ ಎರಡನೆಯದನ್ನೇ ಮಾಡಿದರು. ಪತ್ರ ತಲುಪಬೇಕು ಎಂಬ ಕಾಳಜಿ ಇದ್ದವರು ಮಾಡುವುದೇ ಅದು.

ನಿಯಮಗಳು ಊರೂರಿಗೆ ಬೇರೆ ಇದ್ದರೂ ಒಟ್ಟು ಯೋಚನೆ ಹೀಗಿತ್ತು. ಕೊನೆಯ ತುಂಡು ಯುಕೆ, ಇಡಿಯು, ಕಾಂ ಥರ ಗೊತ್ತಿರುವ ದೊಡ್ಡ ಹೆಸರಾಗಿದ್ದರೆ ಇದು ಇಂಟರ್ನೆಟ್ ಕ್ರಮ. ಮೊದಲ ತುಂಡು ಯುಕೆ ಆಗಿದ್ದರೆ ಇದು ಬ್ರಿಟಿಷ್ ಕ್ರಮ, ತಿರುಗಿಸು. ಎರಡೂ ಅಲ್ಲದಿದ್ದರೆ ಇದು ಕ್ಯಾಮ್.ಪಿಎಚ್‌ಎಕ್ಸ್ ಥರದ ಗಿಡ್ಡ ಹೆಸರಿರಬೇಕು, ಮುಂದೆ ಯುಕೆ.ಎಸಿ ಸೇರಿಸಿ ಹುಡುಕು.

ಇದು ಕೆಲಸ ಮಾಡಿತು. ವರ್ಷಗಟ್ಟಲೆ ಮಾಡಿತು. ಯಾಕೆಂದರೆ ದೊಡ್ಡ ಹೆಸರುಗಳು ಆಗ ಬೆರಳೆಣಿಕೆಯಷ್ಟಿದ್ದವು, ಮತ್ತು ಅವುಗಳಲ್ಲಿ ಯಾವುದೂ ಯಾವ ವಿಭಾಗದ ಹೆಸರೂ ಆಗಿರಲಿಲ್ಲ. ವಿಳಾಸದ ಯಾವ ತುದಿಯಲ್ಲಿ ದೊಡ್ಡದಿದೆ ಎಂದು ಹೇಳುವುದು ಸುಲಭವಿತ್ತು. ಬರೆದವರಿಗೂ ಈ ಊಹೆ ಇಷ್ಟು ಚೆನ್ನಾಗಿ ನಡೆಯುತ್ತಿರುವುದು ಯಾಕೆ ಎಂದು ಕೇಳಿಕೊಳ್ಳುವ ಪ್ರಸಂಗ ಬರಲಿಲ್ಲ.

ಚೆಕೊಸ್ಲೊವಾಕಿಯಾ ಬಂದಾಗ

1989ರ ಕೊನೆಯಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿಯಿತು. ಅಲ್ಲಿನ ವಿಶ್ವವಿದ್ಯಾಲಯಗಳು ಪಶ್ಚಿಮದ ಜಾಲಗಳ ಜೊತೆ ಸೇರಲು ತವಕದಿಂದ ಕಾಯುತ್ತಿದ್ದವು. 1992ರ ಫೆಬ್ರವರಿ 13ರಂದು ಪ್ರಾಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ದೇಶದ ಇಂಟರ್ನೆಟ್ ಸಂಪರ್ಕದ ಉದ್ಘಾಟನೆಯೂ ಆಯಿತು. ಐಎಸ್‌ಒ ಪಟ್ಟಿಯಲ್ಲಿ ಆ ದೇಶದ ಸಂಕೇತ ಸಿಎಸ್. ಅದು ಡೊಮೇನ್ ಆಗಿ ಬಂತು.

ಈಗ ಮೊದಲ ಸಾಲಿನ ವಿಳಾಸಕ್ಕೆ ವಾಪಸ್ ಬನ್ನಿ. ಯುಕೆ.ಎಸಿ.ಯುಸಿಎಲ್.ಸಿಎಸ್. ಎಡತುದಿಯಲ್ಲಿ ಬ್ರಿಟನ್. ಬಲತುದಿಯಲ್ಲಿ ಚೆಕೊಸ್ಲೊವಾಕಿಯಾ. ಎರಡೂ ನಿಜವಾದ ದೇಶ. ಯಂತ್ರ ಯಾವುದನ್ನು ನಂಬಬೇಕು?

ಡಿಎನ್‌ಎಸ್ ಹೆಸರನ್ನು ಬಲದಿಂದ ಎಡಕ್ಕೆ ಬಿಚ್ಚುತ್ತದೆ. ಮೊದಲು ಮೂಲ ಸರ್ವರ್ ಹತ್ತಿರ ಹೋಗಿ "ಸಿಎಸ್ ಯಾರದು?" ಎಂದು ಕೇಳುತ್ತದೆ. ಮೊದಲಾದರೆ "ಅಂಥದ್ದು ಇಲ್ಲ" ಎಂಬ ಉತ್ತರ ಬರುತ್ತಿತ್ತು. ಇಲ್ಲ ಅಂದಾಗ ತಾನೇ ಗೇಟ್‌ವೇ ತಿರುಗಿಸಿ ನೋಡುತ್ತಿದ್ದದ್ದು! ಈಗ "ಇದೆ, ಪ್ರಾಗ್ ಕಡೆ ಕೇಳು" ಎಂಬ ಉತ್ತರ. ಅಲ್ಲಿ ಹೋಗಿ ಕೇಳಿದರೆ ಯುಸಿಎಲ್ ಎಂಬುದು ಅವರಿಗೆ ಗೊತ್ತಿಲ್ಲ. ಲಂಡನ್ನಿಗೆ ಹೋಗಬೇಕಿದ್ದ ಪತ್ರಗಳು ಪ್ರಾಗ್‌ಗೆ ಹೋಗಿ ಬಿದ್ದವು ಎಂದು ಈ ಕಥೆಯನ್ನು ಹೇಳುವುದುಂಟು. ಕೆಲಸ ನಡೆಯುವ ರೀತಿ ನೋಡಿದರೆ ಸಾಮಾನ್ಯವಾಗಿ ಪ್ರಾಗ್‌ವರೆಗೆ ಹೋಗುತ್ತಿದ್ದದ್ದು ಪ್ರಶ್ನೆ ಮಾತ್ರ, ಪತ್ರವಲ್ಲ. ಕಳಿಸಿದವನಿಗೆ "ಅಂಥ ವಿಳಾಸ ಇಲ್ಲ" ಎಂದು ವಾಪಸ್ ಬರುತ್ತಿತ್ತು. ನಿನ್ನೆಯವರೆಗೆ ತಲುಪುತ್ತಿದ್ದ ವಿಳಾಸ, ಒಂದಕ್ಷರ ಬದಲಾಗಿಲ್ಲ, ಇವತ್ತು ಇಲ್ಲವಂತೆ. ಅವನಿಗೆ ಹೇಗನಿಸಿರಬೇಕು.

ಇನ್ನೊಂದು ಕಡೆಯ ನಷ್ಟದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಚೆಕೊಸ್ಲೊವಾಕಿಯಾದವರಿಗೆ ಬ್ರಿಟನ್ನಿನಿಂದ ಯಾರಾದರೂ ಸರಿಯಾದ ವಿಳಾಸವನ್ನೇ ಬರೆದರು ಅಂತಿಟ್ಟುಕೊಳ್ಳಿ. ಕೊನೆಯಲ್ಲಿ ಸಿಎಸ್ ಇದೆ. ಹಳೆ ಪಟ್ಟಿ ಇಟ್ಟುಕೊಂಡ ಬ್ರಿಟಿಷ್ ಯಂತ್ರಕ್ಕೆ ಸಿಎಸ್ ಎಂಬ ದೇಶ ಗೊತ್ತಿಲ್ಲ. ಅದಕ್ಕೆ ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್. ಹಾಗಾದರೆ ಇದು ಗಿಡ್ಡ ಹೆಸರು, ಮುಂದೆ ಯುಕೆ.ಎಸಿ ಸೇರಿಸೋಣ ಎಂದು ಅದು ತನ್ನ ದೇಶದೊಳಗೇ ಹುಡುಕುತ್ತದೆ. ಸಿಗುವುದಿಲ್ಲ. ನಾಲ್ಕು ದಶಕ ಹೊರಗಿದ್ದು ಈಗ ತಾನೇ ಬಾಗಿಲು ತಟ್ಟಿದವರಿಗೆ "ಆ ಹೆಸರಿನ ಕೋಣೆ ನಮ್ಮ ಮನೆಯಲ್ಲೇ ಇದೆ" ಎಂದ ಹಾಗಾಯಿತು. ಅವರು ಮಾಡಿದ ತಪ್ಪೇನೂ ಇರಲಿಲ್ಲ. ಪಟ್ಟಿಯಲ್ಲಿ ತಮಗೆ ಬರೆದಿಟ್ಟ ಎರಡಕ್ಷರವನ್ನು ಅವರು ತೆಗೆದುಕೊಂಡಿದ್ದರು, ಅಷ್ಟೆ.

ಸಿಎಸ್ ಒಂದೇ ಅಲ್ಲ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಗಳಿಗೆ ಇಇ ಎಂದು ಹೆಸರಿಡುವುದು ವಾಡಿಕೆ. ಸ್ವತಂತ್ರವಾದ ಎಸ್ಟೋನಿಯಾ 1992ರಲ್ಲಿ ಇಇ ಡೊಮೇನ್ ಪಡೆಯಿತು. ಎಂಎ ಅಂದರೆ ಗಣಿತವೋ ಮೊರಾಕ್ಕೋವೋ? ಪಿಎಚ್ ಅಂದರೆ ಭೌತಶಾಸ್ತ್ರವೋ ಫಿಲಿಪ್ಪೀನ್ಸೋ? ಹೊಸ ದೇಶ ಸೇರಿದ ಹಾಗೆಲ್ಲ ಊಹೆಯ ನೆಲ ಕುಸಿಯುತ್ತಾ ಬಂತು. ಆದರೂ ಸಿಎಸ್‌ನಷ್ಟು ಕಷ್ಟ ಬೇರೆ ಯಾವುದೂ ಕೊಟ್ಟಿರಲಾರದು. ಆಗ ಇಮೇಲ್ ಬಳಸುವವರಲ್ಲಿ ಕಂಪ್ಯೂಟರ್ ವಿಭಾಗದವರೇ ಮುಂದಿದ್ದರು.

ಬ್ರಿಟನ್ ಬಿಟ್ಟು ಹೊರಗೂ ಇದರ ಬಿಸಿ ತಟ್ಟುವಂತಿತ್ತು. ಕ್ರಮ ಸರಿಯಿದ್ದ ಕಡೆಯೂ ಗಿಡ್ಡ ಹೆಸರಿನ ಅಭ್ಯಾಸ ಇತ್ತು. ಕ್ಯಾಂಪಸ್ಸಿನ ಒಳಗೆ "ಯಂತ್ರ.ಸಿಎಸ್" ಎಂದಷ್ಟೇ ಬರೆದರೆ ಮುಂದಿನ ಕಾಲೇಜಿನ ಹೆಸರನ್ನು ಪ್ರೋಗ್ರಾಂ ಸೇರಿಸಿಕೊಳ್ಳುತ್ತಿತ್ತು. ಈ ಥರ ಸೇರಿಸಿ ಹುಡುಕುವುದು ಎಷ್ಟು ಅಪಾಯ ಎಂದು 1993ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 1535 ವಿವರವಾಗಿ ಬರೆಯಿತು. ಯಾರೋ ಇಡಿಯು.ಕಾಂ ಎಂಬ ಡೊಮೇನ್ ನೋಂದಾಯಿಸಿದ್ದರು. ಕಾಂ ಕಂಪನಿಯೊಂದರ ಒಳಗೆ ಕೂತು ಯಾವುದೋ ವಿಶ್ವವಿದ್ಯಾಲಯದ ಇಡಿಯು ಹೆಸರು ಕೇಳಿದರೆ, ಪ್ರೋಗ್ರಾಂ ತಾನಾಗಿ ಬಾಲಕ್ಕೆ ಕಾಂ ಸೇರಿಸಿ ನೋಡುತ್ತಿತ್ತು. ಉತ್ತರ ಕೊಡಲು ಅಲ್ಲಿ ಬೇರೆಯವರು ಕೂತಿರಬಹುದು.

ಬಗೆಹರಿದದ್ದು

ಎರಡು ಬದಲಾವಣೆಗಳು ಈ ಗಂಟನ್ನು ಬಿಡಿಸಿದವು. ಒಂದು ರಾಜಕೀಯ. 1993ರ ಜನವರಿ 1ರಂದು ಚೆಕೊಸ್ಲೊವಾಕಿಯಾ ಎರಡು ದೇಶವಾಯಿತು. ಸಿಜೆಡ್ ಮತ್ತು ಎಸ್‌ಕೆ ಬಂದವು. ಹಳೆ ವಿಳಾಸಗಳನ್ನೆಲ್ಲ ಸಾಗಿಸಿ ಮುಗಿಸಿ, 1995ರಲ್ಲಿ ಸಿಎಸ್ ಡೊಮೇನನ್ನು ತೆಗೆದುಹಾಕಿದರು.

ಇನ್ನೊಂದು ಬ್ರಿಟನ್ನಿನ ಒಳಗಿನದು. ಜ್ಯಾನೆಟ್ 1991ರಲ್ಲಿ ಇಂಟರ್ನೆಟ್ ಪದ್ಧತಿಯನ್ನು ತನ್ನ ತಂತಿಗಳ ಮೇಲೆ ಬಿಟ್ಟಿತು. ಸ್ವಲ್ಪ ಕಾಲದಲ್ಲೇ ಆ ಸಂಚಾರ ಎಕ್ಸ್.25 ಸಂಚಾರವನ್ನು ಮೀರಿಸಿತು. ಬಣ್ಣದ ಪುಸ್ತಕಗಳು ಬದಿಗೆ ಸರಿದವು, ಜೊತೆಗೆ ಎನ್‌ಆರ್‌ಎಸ್ ಕ್ರಮವೂ. ಯಂತ್ರಗಳನ್ನು ಬದಲಿಸುವುದಕ್ಕಿಂತ ಜನರ ಕೈ ಬದಲಿಸುವುದು ಕಷ್ಟ ಇದ್ದಿರಬೇಕು. ಹತ್ತು ವರ್ಷ ಯುಕೆ.ಎಸಿ ಎಂದು ಶುರು ಮಾಡಿದ ಬೆರಳು ಸುಮ್ನೆ ಒಂದು ದಿನ ನಿಲ್ಲುವುದಿಲ್ಲ.

ನಮ್ಮಲ್ಲಿಗೆ ಇಂಟರ್ನೆಟ್ ಬಂದಾಗ ಈ ಎರಡು ಕ್ರಮಗಳೂ ಇನ್ನೂ ಬಳಕೆಯಲ್ಲಿದ್ದವು. ಐಎನ್ ಡೊಮೇನ್ ನೋಂದಣಿಯಾದದ್ದು 1989ರ ಮೇ ತಿಂಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಮ್ಮ ವಿದ್ಯಾಸಂಸ್ಥೆಗಳನ್ನು ಸೇರಿಸಿದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಒಂದು. ಅಲ್ಲಿನ ವಿಳಾಸಗಳು ಐಐಎಸ್‌ಸಿ.ಅರ್ನೆಟ್.ಐಎನ್ ಎಂದು ಕೊನೆಯಾಗುತ್ತಿದ್ದವು. ದೇಶ ಕೊನೆಗೆ. ಅಲ್ಲಿಂದ ಹೊರದೇಶಕ್ಕೆ ಪತ್ರ ಬೊಂಬಾಯಿಯ ಎನ್‌ಸಿಎಸ್‌ಟಿ ಎಂಬ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆಯ ಮೂಲಕ ದಾಟಬೇಕಿತ್ತು. ಹೀಗೆ ಬ್ರಿಟನ್ನಿಗೆ ಬರೆಯುವವರು ತಮ್ಮದನ್ನು ಒಂದು ಕ್ರಮದಲ್ಲಿ ಕೊಟ್ಟು, ಅಲ್ಲಿಂದ ಬಂದ ಸಹಿಯನ್ನು ಇನ್ನೊಂದು ಕ್ರಮದಲ್ಲಿ ಓದಬೇಕಾಗುತ್ತಿತ್ತು.

ಬ್ರಿಟಿಷ್ ಕ್ರಮ ಪೂರ್ತಿ ಸತ್ತಿಲ್ಲ ಎಂಬುದು ನನಗೆ ಖುಷಿ ಕೊಡುವ ವಿಷಯ. ಪ್ರೋಗ್ರಾಂ ಬರೆಯುವ ಜಾವಾ ಭಾಷೆ ಬಂದಾಗ ಪ್ಯಾಕೇಜ್‌ಗಳಿಗೆ, ಅಂದರೆ ಕೋಡಿನ ಕಟ್ಟುಗಳಿಗೆ, ಹೆಸರಿಡಲು ಡೊಮೇನನ್ನು ತಿರುಗಿಸಿ ಬರೆಯುವ ಪದ್ಧತಿ ಮಾಡಿದರು. ಕಾಂ ಮೊದಲು, ಕಂಪನಿ ಆಮೇಲೆ, ಅದರೊಳಗಿನ ಪ್ರಾಜೆಕ್ಟ್ ಕೊನೆಗೆ. ಆಂಡ್ರಾಯ್ಡ್ ಆ್ಯಪ್‌ಗಳಿಗೂ ಅದೇ. ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರು ದಿನಾ ಬೆಳಿಗ್ಗೆ ಕಡತದ ಮೊದಲ ಸಾಲಿನಲ್ಲಿ ಎನ್‌ಆರ್‌ಎಸ್ ಕ್ರಮವನ್ನೇ ಬರೆಯುತ್ತಾರೆ. ಅಲ್ಲಿ ಗೊಂದಲವಿಲ್ಲ. ಅದು ಪ್ಯಾಕೇಜಿನ ಹೆಸರು ಎಂದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ಮೊದಲೇ ಗೊತ್ತು, ಯಾವ ತುದಿ ದೊಡ್ಡದು ಎಂದು ಅದು ಊಹಿಸಬೇಕಾಗಿಲ್ಲ.

ಸಿಎಸ್ ಎಂಬ ಎರಡಕ್ಷರಕ್ಕೆ 2003ರಲ್ಲಿ ಇನ್ನೊಂದು ಅವಕಾಶ ಬಂತು. ಐಎಸ್‌ಒ ಅದನ್ನು ಸೆರ್ಬಿಯಾ ಮತ್ತು ಮಾಂಟೆನೆಗ್ರೊಗೆ ಕೊಟ್ಟಿತು. ಆ ದೇಶದವರು ಹಳೆಯ ವೈಯು ಡೊಮೇನಿನಲ್ಲೇ ಉಳಿದರು. 2006ರಲ್ಲಿ ಆ ದೇಶವೂ ಎರಡಾಯಿತು. ಡೊಮೇನ್ ಆಗಿ ಸಿಎಸ್ ಇವತ್ತು ಯಾವ ದೇಶದ್ದೂ ಅಲ್ಲ. ಲಂಡನ್ನಿನ ಯುಸಿಎಲ್ ಕಂಪ್ಯೂಟರ್ ವಿಭಾಗದವರ ಇಮೇಲ್‌ಗಳಲ್ಲಿ ಅದು ಇನ್ನೂ ಇದೆ, @ ಆದ ತಕ್ಷಣ, ಎಡತುದಿಯಲ್ಲಿ.